ಬೀಜಿಂಗ್‌ನಲ್ಲಿ ಅಪರಿಚಿತರು ಟೀ ಕುಡಿಯಲು ಕರೆದರೆ ಹೋಗಬೇಡಿ

ಕಳೆದ ವರ್ಷ ಆಫೀಸ್ ಕೆಲಸಕ್ಕೆಂದು ಬೀಜಿಂಗ್‌ಗೆ ಹೋಗಿದ್ದೆ. ಅಲ್ಲಿ ಆರು ಪುಟ್ಟ ಬಟ್ಟಲು ಟೀ, ಒಂದು ಡಬ್ಬಿ ಎಲೆ, ಇಷ್ಟಕ್ಕೆ 1,700 ಯುವಾನ್ ತೆತ್ತು ಬಂದೆ. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 20 ಸಾವಿರ. ನಾಚಿಕೆಯಿಂದ ಇಷ್ಟು ದಿನ ಮನೆಯಲ್ಲೂ ಹೇಳಿರಲಿಲ್ಲ. ಈಗ ಗೆಳೆಯನೊಬ್ಬ ಅಲ್ಲಿಗೇ ಹೊರಟಿದ್ದಾನೆ, ಅವನಿಗೂ ನನ್ನ ಹಾಗೆ ಟೀ ಹುಚ್ಚು. ಅದಕ್ಕೇ ಬರೆಯುತ್ತಿದ್ದೇನೆ.

ವಾಂಗ್‌ಫುಜಿಂಗ್ ಅಂದರೆ ತಿಯಾನನ್‌ಮೆನ್ ಚೌಕದಿಂದ ನಡೆದೇ ಹೋಗಬಹುದಾದ ಅಂಗಡಿ ಬೀದಿ. ಭಾನುವಾರ ಮಧ್ಯಾಹ್ನ ಸುಮ್ನೆ ತಿರುಗುತ್ತಿದ್ದೆ. ಇಬ್ಬರು ಹುಡುಗಿಯರು ಬಂದು ಫೋಟೊ ತೆಗೆದುಕೊಡಿ ಎಂದರು. ಕಾಲೇಜಿನವರಂತೆ, ಬೇರೆ ಊರಿನವರಂತೆ, ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳಬೇಕಂತೆ. ಮಾತಿನ ನಡುವೆ ನಾನೇ ನನ್ನ ಪುರಾಣ ಬಿಚ್ಚಿದೆ. ಜಪಾನಿನ ಉಜಿಗೆ ಹೋಗಿದ್ದು, ಅಲ್ಲಿನ ಹಸಿರು ಟೀ ಹಿಡಿಸಿದ್ದು, ಅದನ್ನು ಚೀನಾದ ಲಾಂಗ್‌ಜಿಂಗ್ ಪಕ್ಕದಲ್ಲಿಟ್ಟು ಕುಡಿದು ನೋಡುವ ಆಸೆ, ಎಲ್ಲಾ. "ಇಲ್ಲೇ ಒಂದು ಕಡೆ ಎರಡೂ ಸಿಗುತ್ತವೆ, ನಾವೂ ಅಲ್ಲಿಗೇ ಹೊರಟಿದ್ದೆವು" ಎಂದಳು ಒಬ್ಬಳು. ಗಾಳಕ್ಕೆ ಹುಳ ಸಿಕ್ಕಿಸಿಕೊಟ್ಟವನು ನಾನೇ!

ಎರಡನೇ ಮಹಡಿ. ಕಿಟಕಿ ಇಲ್ಲದ ಚಿಕ್ಕ ಕೋಣೆ. ಟೀ ಹಾಕುವವಳು ಮೊದಲು ಒಂದು ಮಣ್ಣಿನ ಗೊಂಬೆ ಹುಡುಗನ ತಲೆ ಮೇಲೆ ಬಿಸಿನೀರು ಸುರಿದಳು, ಅದು ಚಿರ್ರನೆ ಉಚ್ಚೆ ಹೊಯ್ದಿತು. ನೀರು ಸಾಕಷ್ಟು ಬಿಸಿ ಇದೆ ಎಂದು ತಿಳಿಯುವ ಹಳೇ ತಮಾಷೆ ಅದು. ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ರೇಟು ಕೇಳುವುದೇ ಮರೆತುಹೋಯಿತು.

ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ: ನಾಲಿಗೆಗೆ ಎಲ್ಲಾ ಗೊತ್ತಾಗಿತ್ತು. ಮೊದಲು ಬಂದದ್ದು ಲಾಂಗ್‌ಜಿಂಗ್. ಹಾಂಗ್‌ಝೌ ಕಡೆಯ ಈ ಎಲೆಯನ್ನು ಬಿಸಿ ಬಾಣಲೆಗೆ ಒತ್ತಿ ಒತ್ತಿ ಹುರಿಯುತ್ತಾರೆ, ಎಲೆ ಚಪ್ಪಟೆಯಾಗುತ್ತದೆ. ಹುರಿದ ಕಾಳಿನ ಪರಿಮಳ, ಹಸಿರಿನಲ್ಲಿ ಸ್ವಲ್ಪ ಹಳದಿ ಛಾಯೆ ಇರಬೇಕು. ಇವರ ಎಲೆ ಗಿಳಿಹಸಿರು, ಪರಿಮಳ ಸೊನ್ನೆ. ಜಪಾನಿನವರು ಎಲೆ ಕಿತ್ತ ಕೂಡಲೇ ಹಬೆಯಲ್ಲಿ ಬೇಯಿಸುತ್ತಾರೆ, ಅದಕ್ಕೇ ಅವರ ಸೆಂಚಾ ಕಡುಹಸಿರು, ಬಟಾಣಿ ಬೇಯಿಸಿದ ನೀರಿನ ವಾಸನೆ. ಇದನ್ನು ಹೋಲಿಸುವುದಕ್ಕೇ ಅಲ್ವಾ ನಾನು ಹೋಗಿದ್ದು? ಇಲ್ಲಿ ಎರಡೂ ಒಂದೇ ರುಚಿ. ಆಮೇಲೆ ಗ್ಯೊಕುರೊ ಎಂದು ಒಂದನ್ನು ತಂದರು. ಕೀಳುವ ಮೊದಲು ಸುಮಾರು 20 ದಿನ ಗಿಡಕ್ಕೆ ನೆರಳು ಕಟ್ಟಿ ಬೆಳೆಸುವ ಟೀ ಅದು, 50-60 ಡಿಗ್ರಿ ನೀರಿನಲ್ಲಿ ನಿಧಾನವಾಗಿ ಬಿಡಬೇಕು. ಆ ಪುಣ್ಯಾತ್ಗಿತ್ತಿ ಕುದಿಯುವ ನೀರನ್ನೇ ಸುರಿದಳು. ಬೇವಿನ ಕಷಾಯ. ಕೊನೆಗೆ ದಾ ಹಾಂಗ್ ಪಾವ್, ಚೀನಾದ ಭಾರೀ ಹೆಸರಿನ ಊಲಾಂಗ್ ಟೀ. "ವೂಯಿ ಬೆಟ್ಟದ ಮೂಲ ಗಿಡದ್ದು" ಎಂದಳು. ಆ ಮೂಲ ಗಿಡಗಳು ಇರುವುದೇ ಆರು. 2006ರಿಂದ ಅವುಗಳ ಎಲೆ ಕೀಳುವುದನ್ನೇ ನಿಲ್ಲಿಸಿದ್ದಾರೆ. ನನಗದು ಗೊತ್ತಿತ್ತು. ಆದರೂ "ತುಂಬಾ ಚೆನ್ನಾಗಿದೆ" ಎಂದೆ! ಕರೆದುಕೊಂಡು ಬಂದವರ ಎದುರು ಹೇಗೆ ಮುಖ ಮುರಿಯುವುದು ಎಂಬ ದಾಕ್ಷಿಣ್ಯ.

ಬಿಲ್ಲು ಬಂತು. ಒಂದೊಂದು ಟೀಗೆ ತಲೆಗೆ 150 ಯುವಾನ್. ಆರಕ್ಕೆ 900. ಕೋಣೆಗೆ, ಸೇವೆಗೆ 180. ಬಲವಂತಕ್ಕೆ ತೆಗೆದುಕೊಂಡ 50 ಗ್ರಾಮ್ ಡಬ್ಬಿಗೆ 620. ಹುಡುಗಿಯರು ತಕರಾರಿಲ್ಲದೆ ತಮ್ಮ ಪಾಲು ಕೊಟ್ಟರು, ಅಥವಾ ಕೊಟ್ಟ ಹಾಗೆ ಮಾಡಿದರು. ಬಾಗಿಲ ಹತ್ತಿರ ಇಬ್ಬರು ಗಂಡಸರು ಬಂದು ನಿಂತಿದ್ದರು. ಕಾರ್ಡ್ ಕೊಟ್ಟೆ.

ಮಾರನೇ ದಿನ ಅಲ್ಲಿನ ಸಹೋದ್ಯೋಗಿಗೆ ಹೇಳಿದರೆ ಅವನು ಹಣೆ ಚಚ್ಚಿಕೊಂಡ. ಬೀಜಿಂಗ್‌ನಲ್ಲೂ ಶಾಂಘೈನಲ್ಲೂ ಪ್ರವಾಸಿಗರಿಗೆ ಹಾಕುವ ಹಳೇ ಟೋಪಿಯಂತೆ ಇದು. ಸಂಜೆ ಮಾಲಿಯಾನ್‌ದಾವ್‌ಗೆ ಕರೆದುಕೊಂಡು ಹೋದ. ಬೀದಿಯುದ್ದಕ್ಕೂ ಟೀ ಅಂಗಡಿಗಳು. ಒಳಗೆ ಕೂತರೆ ಸಾಕು, ಕೇಳಿದ ಟೀ ಎಲ್ಲಾ ಬಟ್ಟಲಿಗೆ ಸುರಿದು ಕೊಡುತ್ತಾರೆ, ರುಚಿಗೆ ಕಾಸಿಲ್ಲ. ರೇಟು ಮಾತ್ರ ಜಿನ್ ಲೆಕ್ಕ, ಅಂದರೆ ಅರ್ಧ ಕೆಜಿ. ಕೆಜಿ ಅಂದುಕೊಂಡು ಮೋಸಹೋಗಬೇಡಿ. ನಿಜವಾದ ಲಾಂಗ್‌ಜಿಂಗ್ ಕುಡಿದದ್ದು ಅಲ್ಲಿ. ಅಂಗಡಿಯಾಕೆಗೆ ನನ್ನ 620ರ ಡಬ್ಬಿ ತೋರಿಸಿದೆ. ಮೂಗಿಗೆ ಹಿಡಿದು, ಒಂದು ಮಾತೂ ಆಡದೆ ಮುಚ್ಚಳ ಹಾಕಿ ವಾಪಸ್ ಕೊಟ್ಟಳು.

ಹೋಗುವವರು ಇಷ್ಟು ಮಾಡಿ. ಬೀದಿಯಲ್ಲಿ ತಾವಾಗಿ ಬಂದು ಮಾತಾಡಿಸಿದವರ ಜೊತೆ ಯಾವ ಕೋಣೆಯೊಳಗೂ ಹೋಗಬೇಡಿ. ಹೋದಿರಾ, ಮೊದಲ ಬಟ್ಟಲಿಗೆ ಮುಂಚೆ ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ. ದುಡ್ಡು ಕೊಡುವಾಗ ಫಾಪಿಯಾವ್ ಕೇಳಿ, ಅದು ಅಲ್ಲಿನ ಅಧಿಕೃತ ತೆರಿಗೆ ರಸೀದಿ. ಗಲಾಟೆ ಅನ್ನಿಸಿದರೆ ಪೊಲೀಸರ ನಂಬರ್ 110.

ನಾನು ಫಾಪಿಯಾವ್ ಕೇಳಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಕಾರ್ಡ್ ಮೆಷಿನ್ನಿನ ಚೀಟಿ ಒಂದೇ. ಸಹೋದ್ಯೋಗಿ ಅದನ್ನು ಓದಿ ನೋಡಿದ. ಅದರ ಮೇಲಿದ್ದದ್ದು ಯಾವುದೋ ಬಟ್ಟೆ ಅಂಗಡಿಯ ಹೆಸರು.