ಸೈಬರ್ ಸರ್ಟಿಫಿಕೇಟ್: ಯೂನಿಫಾರ್ಮ್ ಹಾಕಿದ್ದಾಗ, ಮಂಗಳೂರಿಗೆ ಬಂದ ಮೇಲೆ

ಸೇನೆಯ ಸಿಗ್ನಲ್ಸ್‌ನಲ್ಲಿ, ಅಂದರೆ ಸಂಪರ್ಕ ವಿಭಾಗದಲ್ಲಿ, 17 ವರ್ಷ ಇದ್ದೆ. ಈಗ ಮಂಗಳೂರಿನಲ್ಲಿ ಒಂದು ಕಂಪನಿಯ ಸೈಬರ್ ಸೆಕ್ಯುರಿಟಿ ತಂಡದಲ್ಲಿದ್ದೇನೆ. ಉಡುಪಿಯಲ್ಲಿರುವ ಅಕ್ಕನ ಮಗ ಅಗ್ನಿವೀರನಾಗಲು ಹೊರಟಿದ್ದಾನೆ. "ಮಾವ, ಸೈಬರ್ ಸರ್ಟಿಫಿಕೇಟ್ ಯಾವುದು ಮಾಡಲಿ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸರ್ವಿಸಿನಲ್ಲಿದ್ದಾಗ ರಜೆಯಲ್ಲಿ, ಕೈಯಿಂದ ದುಡ್ಡು ಹಾಕಿ ಸಿಇಎಚ್ (ಸರ್ಟಿಫೈಡ್ ಎಥಿಕಲ್ ಹ್ಯಾಕರ್) ಮಾಡಿದೆ. 4 ಗಂಟೆ, 125 ಪ್ರಶ್ನೆ, ಎಲ್ಲವೂ ಉತ್ತರ ಆರಿಸುವಂಥವು. ಪಾಸಾದೆ. ಯೂನಿಟ್‌ಗೆ ವಾಪಸ್ ಹೋದಾಗ ಸಾಹೇಬರು ಬೆನ್ನು ತಟ್ಟಿದರು, ಅಷ್ಟೇ. ಅಲ್ಲಿ ಲೆಕ್ಕಕ್ಕೆ ಬರುವುದು ಸೇನೆಯೇ ಕಳಿಸುವ ಕೋರ್ಸ್, ಅದರ ಗ್ರೇಡಿಂಗ್, ಸೀನಿಯಾರಿಟಿ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ರಕ್ಷಣಾ ಇಲಾಖೆ 2005ರಲ್ಲೇ ನಿಯಮ ಮಾಡಿತು. ಸೈಬರ್ ಭದ್ರತೆಯ ಮೂಲಪಾಠ ಪರೀಕ್ಷಿಸುವ ಸೆಕ್ಯುರಿಟಿ ಪ್ಲಸ್‌ನಂಥ ಸರ್ಟಿಫಿಕೇಟ್ ಇಲ್ಲದೆ ಕೆಲವು ಹುದ್ದೆ ನಿಭಾಯಿಸುವಂತಿರಲಿಲ್ಲ. ಹಾಗಾಗಿ ಅಲ್ಲಿನವರ ಸಲಹೆಯನ್ನು ನಮ್ಮ ಹುಡುಗರು ಹಾಗೆಯೇ ನಂಬಬಾರದು.

ಹೊರಗೆ ಬಂದ ಮೇಲೆ ಅದೇ ಸಿಇಎಚ್‌ನಿಂದ ಇಂಟರ್‌ವ್ಯೂಗೆ ಕರೆ ಬಂತು. "ಸೇನೆಯಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಅರ್ಧ ಹೇಳುವಂತಿಲ್ಲ, ಉಳಿದರ್ಧ ಅವರಿಗೆ ಅರ್ಥವಾಗಲಿಲ್ಲ. ಹೊರಗಿನವರಿಗೆ ತಿಳಿಯುವ ಭಾಷೆಯಲ್ಲಿ ನನ್ನ ಕೆಲಸ ಹೇಳಿದ್ದು ಆ ಕಾಗದ ಒಂದೇ. ಆದರೆ ಒಂದು ಲಾಗ್ (ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ) ಮುಂದಿಟ್ಟು "ಇಲ್ಲಿ ಏನಾಗಿದೆ?" ಎಂದಾಗ ಕೈ ಹಿಡಿದದ್ದು ಸಿಇಎಚ್ ಅಲ್ಲ, ಸೇನೆಯ ರಾತ್ರಿ ಡ್ಯೂಟಿಗಳು.

ಆಮೇಲೆ ಸೆಕ್ಯುರಿಟಿ ಪ್ಲಸ್ ಮಾಡಿದೆ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 900ಕ್ಕೆ 750 ಬಂದರೆ ಪಾಸು. ಬುಡ ಗಟ್ಟಿಯಾಗುತ್ತದೆ. ಮೊದಲ ಕೆಲಸಕ್ಕೆ ನನ್ನ ಓಟು ಇದಕ್ಕೇ. ಸಿಇಎಚ್, ಸೆಕ್ಯುರಿಟಿ ಪ್ಲಸ್ ಎರಡನ್ನೂ 3 ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಖರ್ಚೂ ನೆನಪಿರಲಿ.

ಒಎಸ್‌ಸಿಪಿ, ಅಂದರೆ ಕೈಯಾರೆ ಹ್ಯಾಕ್ ಮಾಡಿ ತೋರಿಸುವ ಪರೀಕ್ಷೆ, ಬೇರೆಯದೇ ಲೋಕ. 23 ಗಂಟೆ 45 ನಿಮಿಷ ಕೂತು, ಪರೀಕ್ಷೆಗೆಂದೇ ಇಟ್ಟ ಕಂಪ್ಯೂಟರ್‌ಗಳ ಒಳಗೆ ನುಗ್ಗಬೇಕು. ಮತ್ತೆ 24 ಗಂಟೆಯೊಳಗೆ ವರದಿ ಬರೆದು ಕಳಿಸಬೇಕು. ಪಾಸಾಗಲು ನೂರಕ್ಕೆ 70 ಅಂಕ ಬೇಕು. ಮೊದಲ ಸಲ ಜುಲೈ ಮಳೆಗೆ ಕರೆಂಟ್ ಹೋಯಿತು, ನನ್ನ ಧೈರ್ಯವೂ ಹೋಯಿತು. ಎರಡನೇ ಸಲ ಜನವರಿಯಲ್ಲಿ ಕೂತು ಪಾಸಾದೆ. ನಂತರದ ಇಂಟರ್‌ವ್ಯೂಗಳಲ್ಲಿ ಸರ್ಟಿಫಿಕೇಟ್ ಯಾರೂ ನೋಡಲಿಲ್ಲ. ಹೇಗೆ ಒಳಗೆ ಹೋದಿರಿ, ಎಲ್ಲಿ ಸಿಕ್ಕಿಬಿದ್ದಿರಿ ಅಂತ ಗಂಟೆಗಟ್ಟಲೆ ಮಾತಾಡಿದರು. ಸಂಬಳ ಜಾಸ್ತಿ ಆದದ್ದು ಆಗಲೇ.

ಸಿಐಎಸ್‌ಎಸ್‌ಪಿ ಎಂಬ ಹಿರಿಯರ ಮಟ್ಟದ ಸರ್ಟಿಫಿಕೇಟ್‌ಗೆ 5 ವರ್ಷದ ಅನುಭವ ಬೇಕು. ಅದು ಈಗಲೇ ಅಕ್ಕನ ಮಗನಿಗೆ ಬೇಡ.

ಅಗ್ನಿವೀರರಲ್ಲಿ 4 ವರ್ಷದ ಬಳಿಕ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು. ಅದಕ್ಕೇ ಹೇಳಿದೆ: "ಮೊದಲ 3 ವರ್ಷ ಅವರು ಕಳಿಸಿದ ಕೋರ್ಸನ್ನೇ ಚೆನ್ನಾಗಿ ಮಾಡು ಮಾರಾಯ. ಕೊನೆಯ ವರ್ಷ ಸೆಕ್ಯುರಿಟಿ ಪ್ಲಸ್ ಬರೆ. ಸಿಇಎಚ್‌ಗೆ ಸುಮ್ನೆ ದುಡ್ಡು ಹಾಕಬೇಡ." ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಇಟ್ಟಿದ್ದೇನೆ. ಭಾನುವಾರ ಬಂದು ಒಯ್ಯುತ್ತಾನೆ.