ನೈಟ್ರಿಕ್ ಆಕ್ಸೈಡ್ ಬೂಸ್ಟರ್ ಪುಡಿ: ಓಡುವವರಿಗೆ ಸರಿ, ಕ್ಯಾನ್ಸರ್‌ಗೆ ಅಂತ ಕೊಡಬೇಡಿ

ಎರಡು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಬೀಟ್‌ರೂಟ್ ಪುಡಿ, ಜೊತೆಗೆ ಆರ್ಜಿನೈನ್ ಅನ್ನುವ ಅಮೈನೋ ಆಮ್ಲ, ಡಬ್ಬಿಯಲ್ಲಿ ಎಂಜಲು ಪರೀಕ್ಷೆಗೆ 10 ಪಟ್ಟಿ. ಬೆಲೆ ಸಾವಿರದ ಚಿಲ್ಲರೆ. ನೀರಿನಲ್ಲಿ ಗಂಟು ಕಟ್ಟುವುದಿಲ್ಲ. ಮಣ್ಣಿನ ವಾಸನೆ ಇದೆ, ನಿಂಬೆಹಣ್ಣು ಹಿಂಡಿದರೆ ಹೋಗುತ್ತದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುವ ನನಗೆ ಪುಡಿಯ ಬಗ್ಗೆ ದೂರಿಲ್ಲ.

ದೂರು ಇರುವುದು ಮಾರಿದವರ ಮಾತಿನ ಬಗ್ಗೆ. ಮಂಡ್ಯದ ನಮ್ಮ ಸೋದರತ್ತೆ ಕೀಮೋಗೆ ಅಂತ ಮೈಸೂರಿಗೆ ಬಂದು ನಮ್ಮನೆಯಲ್ಲೇ ಇದ್ದಾರೆ. ಅವತ್ತು ನನ್ನ ಜೊತೆ ಅಂಗಡಿಗೆ ಬಂದಿದ್ದರು. ತಲೆಗೆ ಕಟ್ಟಿದ್ದ ಬಟ್ಟೆ ನೋಡಿದ್ದೇ ತಡ, ಅಂಗಡಿಯವರು "ಅಮ್ಮ, ಇದು ಕ್ಯಾನ್ಸರ್ ಕಣಾನ ಸಾಯಿಸುತ್ತೆ, ನೀವೂ ಒಂದು ತಗೊಳ್ಳಿ" ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಅತ್ತೆ ದುಡ್ಡು ಕೊಟ್ಟಾಗಿತ್ತು. ಮಾರನೇ ದಿನ ಪುಡಿ ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಪಟ್ಟಿಯನ್ನು ನಾಲಿಗೆಗೆ ಒತ್ತಿಕೊಂಡರು. ಬಿಳಿ ಚೌಕ ಮೆಲ್ಲಗೆ ಗುಲಾಬಿಯಾಯಿತು. "ನೋಡ್ಲಾ ಮಗ, ಔಷ್ದಿ ಹಿಡೀತು" ಅಂದರು. ಬಯೋಕೆಮಿಸ್ಟ್ರಿ ಓದಿದ ನನಗೆ ಆಗ ಬಾಯೇ ಬರಲಿಲ್ಲ.

ಆ ಗುಲಾಬಿ ಬಣ್ಣ ಹೇಳುವುದು ಎಂಜಲಿನಲ್ಲಿ ನೈಟ್ರೈಟ್ ಇದೆ ಅಂತ, ಅಷ್ಟೇ. ಬೀಟ್‌ರೂಟಿನ ನೈಟ್ರೇಟನ್ನು ನಾಲಿಗೆ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ. ಅದರಿಂದ ಮುಂದೆ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ. ಗಡ್ಡೆಯೊಳಗೆ ಏನಾಗುತ್ತಿದೆ ಅಂತ ಪಟ್ಟಿಗೆ ಹೇಗೆ ಗೊತ್ತಾಗಬೇಕು?

ನೈಟ್ರಿಕ್ ಆಕ್ಸೈಡ್ ರಕ್ತನಾಳವನ್ನು ಸಡಿಲಿಸುತ್ತದೆ, ಅದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು, ಅದೆಲ್ಲ ನಿಜ. ಆದರೆ ಕ್ಯಾನ್ಸರ್ ಕೋಶದೊಳಗೆ ಅದರ ಕೆಲಸ ಒಂದೇ ರೀತಿ ಇರುವುದಿಲ್ಲ. ಅದು ಪ್ರೋಟೀನಿನ ಸಿಸ್ಟೀನ್ ಅನ್ನುವ ಭಾಗಕ್ಕೆ, ಅಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಅಂಟಿದರೆ ಪ್ರೋಟೀನಿನ ನಡತೆಯೇ ಬದಲಾಗುತ್ತದೆ. ಕೆಟ್ಟ ಕೋಶವನ್ನು ಸಾಯಿಸಲು ಕ್ಯಾಸ್ಪೇಸ್-3 ಅಂತ ಒಂದು ಪ್ರೋಟೀನ್ ಬೇಕು. ಅದಕ್ಕೆ ಅಂಟಿದರೆ ಅದರ ಕೈ ಕಟ್ಟಿದ ಹಾಗೆ, ಸಾಯಬೇಕಾದ ಕೋಶ ಬದುಕಿಬಿಡುತ್ತದೆ. ರಾಸ್ ಅನ್ನುವ ಇನ್ನೊಂದು ಪ್ರೋಟೀನಿನ 118ನೇ ಸಿಸ್ಟೀನ್‌ಗೆ ಅಂಟಿದರೆ ಅದು ಚುರುಕಾಗಿ 'ಬೆಳೆ' ಅನ್ನುವ ಸಂದೇಶ ಕಳಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅದೇ ಅನಿಲ ತುಂಬಾ ಜಾಸ್ತಿಯಾದರೆ ಡಿಎನ್‌ಎ ಹಾಳಾಗಿ ಕೋಶ ಸಾಯುತ್ತದೆ. ಅಂಗಡಿಯವರು ಹೇಳಿದ್ದು ಈ ಕೊನೆಯ ಮಾತು ಮಾತ್ರ. ಎಷ್ಟು ಪ್ರಮಾಣ, ಯಾವ ಕೋಶ, ಯಾವ ಪ್ರೋಟೀನ್ ಅನ್ನುವುದರ ಮೇಲೆ ಎಲ್ಲ ನಿಂತಿರುವಾಗ ಒಂದು ಚಮಚ ಪುಡಿ ಕೊಟ್ಟು ಕಾಯಿಲೆಯವರಿಗೆ ಹೀಗೆ ಆಸೆ ಹುಟ್ಟಿಸುವುದು ತಪ್ಪು ಅಲ್ವಾ?

ಡಬ್ಬಿ ವಾಪಸ್ ತಗೊಳ್ಳಿ ಅಂತ ಕೇಳಿದೆ, ಸೀಲ್ ಒಡೆದಿದೆ ಅಂದರು. ಪುಡಿಗೆ ಮೂರು ಸ್ಟಾರ್ ಕೊಡುತ್ತೇನೆ. ಆ ಅಂಗಡಿಗೆ ಮತ್ತೆ ಹೋಗುವುದಿಲ್ಲ.

ಮುಂದಿನ ಕೀಮೋಗೆ ಹೋದಾಗ ಡಬ್ಬಿಯನ್ನೂ ತಗೊಂಡು ಹೋದೆವು. ಡಾಕ್ಟರ್ ಲೇಬಲ್ ಪೂರ್ತಿ ಓದಿ, ಚಿಕಿತ್ಸೆ ಮುಗಿಯುವ ತನಕ ಬೇಡ ಅಂದರು. ಅತ್ತೆ ಸಪ್ಪೆ ಮುಖ ಮಾಡಿಕೊಂಡು "ಹಂಗಾರೆ ಬೀಟ್ರೂಟ್ ಪಲ್ಯಾನೂ ತಿನ್ನಂಗಿಲ್ವಾ ಡಾಕ್ಟ್ರೇ?" ಅಂತ ಕೇಳಿದರು. ಪಲ್ಯ ಧಾರಾಳವಾಗಿ ತಿನ್ನಿ ಅಂದರು.