ಹಳೆಯ ಮಾರುತಿ 800ಕ್ಕೆ ಅಗಲ ಚಕ್ರ, ಫೈಬರ್ ಕಮಾನು: ತಗಡು ಕತ್ತರಿಸುವ ಮೊದಲು ಇದನ್ನು ಓದಿ

ಹಳೆಯ ಮಾರುತಿ 800ಕ್ಕೆ ಅಗಲವಾದ ಚಕ್ರ ಹಾಕಿಸಿ, ಅದು ಹೊರಗೆ ಚಾಚಿದ್ದು ಕಾಣದಂತೆ ಮೇಲೆ ಫೈಬರಿನ ಕಮಾನು ಕಟ್ಟಿಸಬೇಕೆಂದು ನಿಮ್ಮ ಮನೆಯ ಹುಡುಗರು ಯೋಚಿಸುತ್ತಿದ್ದರೆ, ತಗಡಿಗೆ ಗ್ರೈಂಡರ್ ಹಚ್ಚುವ ಮೊದಲು ಇದನ್ನು ಪೂರ್ತಿಯಾಗಿ ಓದಿ. ರಿಮ್ ಒಗ್ಗದಿದ್ದರೆ ಹಳೆಯದನ್ನೇ ಮತ್ತೆ ಹಾಕಿಕೊಳ್ಳಬಹುದು. ಬಣ್ಣ ಹಿಡಿಸದಿದ್ದರೆ ಇನ್ನೊಮ್ಮೆ ಬಳಿಸಬಹುದು. ಹಿಂದಿನ ಚಕ್ರದ ಮೇಲಿನ ತಗಡನ್ನು ಕತ್ತರಿಸಿದ ಮೇಲೆ ಮಾತ್ರ ಆ ಕಾರನ್ನು ಮೊದಲಿನ ಸ್ಥಿತಿಗೆ ತರುವುದು ಎಷ್ಟು ಕಷ್ಟವೆಂದು ನಮ್ಮ ಮನೆಯಲ್ಲಿ ಎಲ್ಲರೂ ಈಗ ಬಲ್ಲೆವು.

ಕಾರು ಅಪ್ಪನದು, 2003ರ ಮಾದರಿ. ಪ್ರತಿ ಮಳೆಗಾಲಕ್ಕೆ ಮೊದಲು ಅದರ ಅಡಿಭಾಗ ತೊಳೆಸಿ, ತುಕ್ಕು ಹಿಡಿಯದಂತೆ ಕಪ್ಪು ಲೇಪನ ಹಚ್ಚಿಸದೆ ಅಪ್ಪ ಬಿಡುತ್ತಿರಲಿಲ್ಲ. ಮಲೆನಾಡಿನ ಮಳೆಯಲ್ಲಿ ಅಷ್ಟು ವರ್ಷ ಓಡಿದರೂ ಬಾಗಿಲಿನ ಕೆಳಗೆ ಒಂದು ತೂತೂ ಇರಲಿಲ್ಲ. ನಿವೃತ್ತಿಯ ಬಳಿಕ ಅದನ್ನು ನನ್ನ ತಮ್ಮನಿಗೆ ಕೊಟ್ಟರು. ನಾನು ಬೇರೆ ಊರಿನಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸುತ್ತೇನೆ. ಕೆಲಸ ಶುರುವಾದದ್ದು ನನಗೆ ಗೊತ್ತಾಗುವ ಹೊತ್ತಿಗೆ ಕತ್ತರಿಸುವುದು ಮುಗಿದಿತ್ತು.

ತಮ್ಮನ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪುಟ್ಟ ಕಾರು ನೆಲಕ್ಕೆ ಹತ್ತಿರವಾಗಿ, ನಾಲ್ಕೂ ಚಕ್ರ ಅಗಲಿಸಿ ನಿಂತರೆ ನೋಡಲು ಚಂದವೇ. ಆದರೆ ಆ ರೂಪ ಹುಟ್ಟಿದ್ದು ರೇಸಿನ ಅಗತ್ಯದಿಂದ. 1976ರಲ್ಲಿ ಗ್ರೂಪ್ 5 ಎಂಬ ವರ್ಗದ ಕಾರ್ ರೇಸುಗಳಿಗಿಳಿದ ಪೋರ್ಷೆ 935ರಂಥ ಕಾರುಗಳಿಗೆ ಎಂಜಿನ್ನಿನ ಬಲವನ್ನು ರಸ್ತೆಗೆ ಇಳಿಸಲು ಭಾರಿ ಅಗಲದ ಟೈರು ಬೇಕಾಗಿತ್ತು, ಆ ಟೈರನ್ನು ಮುಚ್ಚಲು ಅಗಲದ ಫೆಂಡರ್ (ಚಕ್ರದ ಮೇಲಿನ ಹೊದಿಕೆ) ಬೇಕಾಯಿತು. ಕೆಳಗಿನ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ), ಬೇರಿಂಗ್, ಸಸ್ಪೆನ್ಷನ್ ಎಲ್ಲವೂ ಅದಕ್ಕೆಂದೇ ಲೆಕ್ಕಹಾಕಿ ಮಾಡಿದವು. ನಮ್ಮ 800ರದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಸುಮಾರು 37 ಅಶ್ವಶಕ್ತಿ. ಅದಕ್ಕೆ ಕಂಪನಿ ಕೊಟ್ಟದ್ದು 12 ಇಂಚಿನ ರಿಮ್ಮಿಗೆ 145 ಮಿ.ಮೀ. ಅಗಲದ ಟೈರು. ಆ ಬಲಕ್ಕೂ ಆ ತೂಕಕ್ಕೂ ಅಷ್ಟು ಸಾಕಾಗಿತ್ತು.

ಊರ ಹೊರಗಿನ ಒಂದು ಶೆಡ್ಡಿನವನು ತಮ್ಮನಿಗೆ ಎಲ್ಲವನ್ನೂ ಸಲೀಸೆಂದು ಹೇಳಿದ. ಗುಜರಿಯಿಂದ 13 ಇಂಚಿನ ಉಕ್ಕಿನ ರಿಮ್‌ಗಳನ್ನು ತಂದ. ಲೇತ್ ಅಂಗಡಿಯಲ್ಲಿ ಅವುಗಳ ಸುತ್ತನ್ನು ಕತ್ತರಿಸಿ, ನಡುವೆ ತಗಡಿನ ಪಟ್ಟಿ ಸೇರಿಸಿ ಬೆಸುಗೆ ಹಾಕಿಸಿದ. 800ರ ಹಬ್ಬಿನಲ್ಲಿ ನಟ್ಟುಗಳು ಕೂರುವ ವೃತ್ತದ ವ್ಯಾಸ 114.3 ಮಿ.ಮೀ., ತಂದ ರಿಮ್‌ಗಳದ್ದು 100. ಎರಡೂ ಹೊಂದದ ಕಾರಣ ನಡುವೆ ದಪ್ಪನೆಯ ಅಡಾಪ್ಟರ್ ತಟ್ಟೆ ಬಂತು. ಮೇಲೆ 175 ಮಿ.ಮೀ. ಅಗಲದ (175/60 ಆರ್13) ಟೈರು. ಚಕ್ರದ ಒಟ್ಟು ಎತ್ತರ ಹಳೆಯದಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಇತ್ತು, ಆದ್ದರಿಂದ ಸ್ಪೀಡೋಮೀಟರ್ ಸರಿಯಾಗಿ ತೋರಿಸುತ್ತಿತ್ತು. ಅದನ್ನೇ ಮುಂದಿಟ್ಟು, ಲೆಕ್ಕವೆಲ್ಲ ಸರಿಯಿದೆ ಎಂದು ಆತ ತಮ್ಮನನ್ನು ಒಪ್ಪಿಸಿದ.

ಎತ್ತರದ ಲೆಕ್ಕ ಸರಿಯಿತ್ತು, ಹೊರಚಾಚಿನ ಲೆಕ್ಕ ಯಾರೂ ಹಾಕಿರಲಿಲ್ಲ. ಕಂಪನಿಯ ರಿಮ್‌ನಲ್ಲಿ ಕಾರಿನ ಭಾರ ಬೇರಿಂಗಿಗೆ ಹತ್ತಿರದಲ್ಲೇ ಬೀಳುವಂತೆ ಚಕ್ರವನ್ನು ಒಳಕ್ಕೆ ಕೂರಿಸಿರುತ್ತಾರೆ. ಚಕ್ರ ಹೊರಗೆ ಸರಿದಷ್ಟೂ ಅದೇ ಭಾರ ಉದ್ದನೆಯ ಸನ್ನೆಕೋಲಿನಿಂದ ಮೀಟಿದಂತೆ ಬೇರಿಂಗನ್ನೂ ಹಬ್ಬನ್ನೂ ಮೀಟುತ್ತದೆ. ಪ್ರತಿ ಗುಂಡಿಗೂ ಸ್ಟಿಯರಿಂಗ್ ಕೈಯಲ್ಲಿ ಒದೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಒಂದೇ ಕಾರಿಗೆ ಮತ್ತೆ ಮತ್ತೆ ಮುಂದಿನ ಚಕ್ರದ ಬೇರಿಂಗ್ ಕೇಳಿಕೊಂಡು ಅಂಗಡಿಗೆ ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ, ಚಕ್ರ ಬದಲಿಸಿದ್ದೀರಾ ಎಂದು. ಹೌದೆನ್ನುವವರೇ ಹೆಚ್ಚು.

ಮಳೆಯ ನಾಡಿನವರು ಗಮನಿಸಬೇಕಾದದ್ದು ಇನ್ನೊಂದಿದೆ. ರಸ್ತೆಯಲ್ಲಿ ನೀರು ನಿಂತಾಗ ಕಿರಿದಾದ ಟೈರು ಅದನ್ನು ಸೀಳಿಕೊಂಡು ಹೋಗುತ್ತದೆ. ಅಗಲದ ಟೈರು ತಳ್ಳಬೇಕಾದ ನೀರು ಹೆಚ್ಚು, ಅಷ್ಟು ಹಗುರ ಕಾರಿನ ಕೆಳಗೆ ಅದು ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲತೊಡಗುತ್ತದೆ. ಅಗಲ ಟೈರಿದ್ದರೆ ಮಳೆಯಲ್ಲಿ ಹಿಡಿತ ಹೆಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಬಾಡಿ ಕೆಲಸ. 800ರಲ್ಲಿ ಮುಂದಿನ ಫೆಂಡರ್ ಬೋಲ್ಟುಗಳಿಂದ ಕೂರಿಸಿದ್ದು. ಕೆಟ್ಟರೆ ಬಿಚ್ಚಿ ಹೊಸದನ್ನು ಹಾಕಬಹುದು. ಹಿಂದಿನದು ಹಾಗಲ್ಲ. ಈ ಕಾರಿಗೆ ಪ್ರತ್ಯೇಕ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಇಲ್ಲ, ತಗಡಿನ ದೇಹವೇ ಅದರ ಎಲುಬು. ಹಿಂಬದಿಯ ಹೊರತಗಡು ಮತ್ತು ಒಳಗಿನ ಚಕ್ರದ ಗೂಡು ಕಮಾನಿನ ಅಂಚಿನಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಂಚನ್ನು ಕತ್ತರಿಸಿದರೆ ಆ ಬೆಸುಗೆಯೇ ಹೋಗುತ್ತದೆ, ಎರಡು ತಗಡುಗಳ ನಡುವೆ ಬಾಯಿ ತೆರೆಯುತ್ತದೆ. ಬಲ್ಲ ಟಿಂಕರ್ ಆದರೆ ಹೊರತಗಡನ್ನೂ ಒಳತಗಡನ್ನೂ ಮತ್ತೆ ಬಾಗಿಸಿ, ಸುತ್ತಲೂ ಬೆಸೆದು, ಸೀಲರ್ ತುಂಬುತ್ತಾನೆ. ಅದು ದಿನಗಟ್ಟಲೆ ಹಿಡಿಯುವ ಕೆಲಸ. ಶೆಡ್ಡಿನವನು ಅಂಚು ಕತ್ತರಿಸಿ, ತೆರೆದ ಬಾಯಿಗೆ ಪುಟ್ಟಿ ಮೆತ್ತಿ, ಮೇಲೆ ಫೈಬರ್ ಕೂರಿಸಿದ. ಪೆಟ್ರೋಲ್ ತುಂಬುವ ಕೊಳವೆ ಅದೇ ಹಿಂಬದಿಯಲ್ಲಿ ಹಾದುಹೋಗುತ್ತದೆ. ಟ್ಯಾಂಕ್ ಇಳಿಸದೆಯೇ ಗ್ರೈಂಡರ್ ಕಿಡಿ ಹಾರಿಸಿದ್ದನೆಂದು ತಮ್ಮ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು.

ಫೈಬರ್ ಕಮಾನುಗಳನ್ನು ತಮ್ಮ ಮತ್ತು ಅವನ ಗೆಳೆಯರು ರಜೆಯ ದಿನಗಳಲ್ಲಿ ಅದೇ ಶೆಡ್ಡಿನಲ್ಲಿ ಮಾಡಿದರು. ಥರ್ಮೋಕೋಲಿನಲ್ಲಿ ಆಕಾರ ಕೆತ್ತಿ, ಅದು ರೆಸಿನ್ನಿಗೆ (ನಾರನ್ನು ಅಂಟಿಸಿ ಗಟ್ಟಿಯಾಗುವ ದ್ರವ) ಕರಗದಂತೆ ಟೇಪು ಸುತ್ತಿ, ಗಾಜಿನ ನಾರಿನ ಮ್ಯಾಟ್ ಹಾಸಿ ಪಾಲಿಯೆಸ್ಟರ್ ರೆಸಿನ್ ಬಳಿದರು. ಶ್ರದ್ಧೆಯಿಂದಲೇ ಮಾಡಿದ್ದಾರೆ, ಕೈಗಳ ಕೆಲಸ ನೋಡಿದರೆ ತಿಳಿಯುತ್ತದೆ. ಆದರೆ ಮಳೆಗಾಲದ ಥಂಡಿ ಮತ್ತು ತೇವದಲ್ಲಿ ರೆಸಿನ್ ಬೇಗ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಆಗ ಎಲ್ಲರೂ ಮಾಡುವಂತೆ ಇವರೂ ರೆಸಿನ್ ಗಟ್ಟಿಮಾಡುವ ಹಾರ್ಡನರ್ ಹೆಚ್ಚು ಸುರಿದರು. ಸಾಮಾನ್ಯವಾಗಿ ಅದು ರೆಸಿನ್ನಿನ ತೂಕದ ಶೇಕಡಾ 1ರಿಂದ 2ರಷ್ಟು ಮಾತ್ರ ಇರಬೇಕು. ಹೆಚ್ಚಾದರೆ ಮಿಶ್ರಣ ಕುದಿಯುವಂತೆ ಬಿಸಿಯಾಗುತ್ತದೆ, ಗಟ್ಟಿಯಾದ ಮೇಲೆ ಬಿರುಕು ಬಿಡುತ್ತದೆ. ಇವರ ಪ್ಲಾಸ್ಟಿಕ್ ಮಗ್ಗಿನಿಂದ ಹೊಗೆ ಎದ್ದಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ರೆಸಿನ್ ಅಂಗಡಿಯಲ್ಲಿ ಎರಡು ಪುಟ್ಟ ಬಾಟಲಿ ಬೇರೆಯಾಗಿ ಕೊಡುತ್ತಾರೆ: ರೆಸಿನ್ ಬೇಗ ಗಟ್ಟಿಯಾಗಲು ನೆರವಾಗುವ ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತೆ ಕಾಣುವ ಹಾರ್ಡನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದಿಗೂ ಬೆರೆಸಬಾರದು, ಬೆರೆಸಿದರೆ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡನರ್. ಆ ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಆ ಶೆಡ್ಡಿನಲ್ಲಿ ಎರಡು ಬಾಟಲಿಗಳನ್ನೂ ಒಂದೇ ತಟ್ಟೆಯಲ್ಲಿ ಇಟ್ಟಿದ್ದರು, ಒಬ್ಬನ ಕಣ್ಣಿಗೂ ಕನ್ನಡಕವಿರಲಿಲ್ಲ. ಕಾರಿನ ಕೆಲಸ ಮಾಡದಿದ್ದರೂ ಮನೆಯಲ್ಲಿ ಫೈಬರ್ ಕೆಲಸ ಮಾಡುವ ಯಾರಾದರೂ ಈ ಒಂದು ಪ್ಯಾರಾವನ್ನು ದಯವಿಟ್ಟು ನೆನಪಿಡಿ.

ಕಮಾನು ಮತ್ತು ಟೈರಿನ ನಡುವೆ ಸಂದು ಕಾಣುತ್ತದೆಂದು ಕೊನೆಗೆ ಸ್ಪ್ರಿಂಗಿನ ಒಂದು ಸುತ್ತನ್ನೂ ಕತ್ತರಿಸಿದರು. ಫೈಬರನ್ನು ಹೊರಗಿನಿಂದ ಸ್ಕ್ರೂ ಹೊಡೆದು ಕೂರಿಸಿದರು. ಹೊರಗೆ ಸಾಲಾಗಿ ಹೊಳೆಯುವ ತಲೆಗಳು, ಒಳಗೆ ಟೈರಿನತ್ತ ಮುಖ ಮಾಡಿದ ಚೂಪು ಮೊನೆಗಳು. ಒಬ್ಬನೇ ಕೂತು ಓಡಿಸಿದಾಗ ಏನೂ ತಾಗುತ್ತಿರಲಿಲ್ಲ. ನಾಲ್ಕು ಜನ ಕೂತು, ಹಿಂದೆ ಸಾಮಾನು ತುಂಬಿ, ಗುಂಡಿಗೆ ಇಳಿದಾಗ ಟೈರು ಮೇಲೆದ್ದು ಆ ಮೊನೆಗಳಿಗೆ ಉಜ್ಜುತ್ತಿತ್ತು. ಪ್ರತಿ ಗುಂಡಿಗೂ ಸ್ವಲ್ಪ ಸ್ವಲ್ಪ.

2022ರ ಮಳೆಗಾಲದಲ್ಲಿ ನನ್ನ ತಮ್ಮ ಮೂವರು ಗೆಳೆಯರೊಂದಿಗೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೊರಟಿದ್ದ. ಘಾಟಿ ಇಳಿದು ಉಡುಪಿಗೆ ಹೋಗುವುದಿತ್ತು. ಆಗುಂಬೆ ತಲುಪುವ ಮೊದಲೇ ಹಿಂದಿನ ಎಡ ಟೈರು ಸಿಡಿಯಿತು. ಕಾರು ಒದ್ದೆ ರಸ್ತೆಯಲ್ಲಿ ಅಡ್ಡ ತಿರುಗಿ ಪಕ್ಕದ ಚರಂಡಿಗೆ ಬಿತ್ತು. ಎದುರಿನಿಂದ ವಾಹನ ಬರುತ್ತಿರಲಿಲ್ಲ. ಹಿಂದೆ ಕೂತಿದ್ದ ಹುಡುಗನ ಭುಜದ ಮೂಳೆ ಮುರಿಯಿತು, ಉಳಿದವರಿಗೆ ಗಾಯಗಳಾದವು. ಅದೇ ಟೈರು ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಸಿಡಿದಿದ್ದರೆ ಎಂದು ಯೋಚಿಸಲು ನನಗೆ ಇಂದಿಗೂ ಧೈರ್ಯವಿಲ್ಲ. ಟೈರನ್ನು ನಾನೇ ಬಿಚ್ಚಿ ನೋಡಿದೆ. ಅದರ ಭುಜದ (ರಸ್ತೆಗೆ ತಾಗುವ ಮೈ ಮತ್ತು ಪಕ್ಕೆ ಸೇರುವ ಅಂಚು) ಸುತ್ತ ಚಾಕುವಿನಿಂದ ಗೆರೆ ಕೊರೆದಂತೆ ಗೀರು ಇತ್ತು. ಕಮಾನಿನೊಳಗಿನ ಸ್ಕ್ರೂ ಮೊನೆಗಳು ಉಜ್ಜಿ ಉಜ್ಜಿ ಬೆಳ್ಳಗಾಗಿದ್ದವು. ಬೆಸೆದ ರಿಮ್‌ಗಳಲ್ಲಿ ಇನ್ನೊಂದರ ಬೆಸುಗೆಯ ಉದ್ದಕ್ಕೂ ಬೆರಳುದ್ದದ ಬಿರುಕು ಕಂಡಿತು. ಅದು ಇನ್ನೆಷ್ಟು ದೂರ ಓಡುತ್ತಿತ್ತೋ ಹೇಳಲಾರೆ.

ಕಾರಿಗಿದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಒಳಗೆ ಕೂತಿದ್ದ ಗೆಳೆಯನ ಚಿಕಿತ್ಸೆಗೆ ಅದರಿಂದ ಒಂದು ರೂಪಾಯಿಯೂ ಬರಲಿಲ್ಲ. ಆ ಖರ್ಚನ್ನು ಅಪ್ಪ ತಮ್ಮ ಪಿಂಚಣಿಯ ಹಣದಿಂದ ಕೊಟ್ಟರು. ಶೆಡ್ಡಿನವನು, ರಸ್ತೆ ಕೆಟ್ಟಿದ್ದರೆ ನಾನೇನು ಮಾಡಲಿ ಎಂದು ಕೈ ಝಾಡಿಸಿದ. ರಸೀದಿ ಎಂಬುದು ಮೊದಲೇ ಇರಲಿಲ್ಲ.

ಮರುವರ್ಷ ಆರ್‌ಸಿ ನವೀಕರಣ ಬಂತು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು. ಇನ್‌ಸ್ಪೆಕ್ಟರ್ ಕಾರಿನ ಸುತ್ತ ಒಮ್ಮೆ ನಡೆದು, ಮೂಲರೂಪಕ್ಕೆ ತಂದು ತೋರಿಸಿ ಎಂದು ಕಾಗದ ಹಿಂದಿರುಗಿಸಿದರು. ಅವರು ಮಾಡಿದ್ದು ಸರಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಟ್ಟು ಕಾರಿಗಲ್ಲ, ಪ್ರತಿ ಬದಲಾವಣೆಗೆ. ಆರ್‌ಟಿಒದಲ್ಲಿ ಯಾರೂ ಕೇಳುವುದಿಲ್ಲ ಎಂದು ಭರವಸೆ ಕೊಡುವ ಶೆಡ್ಡಿನವನ ಹೆಸರು ಆರ್‌ಸಿಯಲ್ಲಿ ಇರುವುದಿಲ್ಲ, ನಿಮ್ಮ ಹೆಸರಿರುತ್ತದೆ.

ಮೂಲರೂಪಕ್ಕೆ ತರಲೆಂದು ಫೈಬರ್ ಬಿಚ್ಚಿದಾಗ ಒಳಗೆ ಕೆಮ್ಮಣ್ಣು, ಕೊಳೆತ ಎಲೆ, ನೀರು. ಪುಟ್ಟಿ ಹಪ್ಪಳದಂತೆ ಎದ್ದು ಬಂತು. ಅಪ್ಪ ಅಷ್ಟು ವರ್ಷ ಕಾಪಾಡಿದ ತಗಡು ಒಂದೂವರೆ ಮಳೆಗಾಲದಲ್ಲಿ ಜರಡಿಯಾಗಿತ್ತು. ಮುಂದಿನ ಫೆಂಡರುಗಳು ನನ್ನ ಅಂಗಡಿಯಲ್ಲೇ ಸಿಕ್ಕವು. ಹಿಂದಿನ ಪಕ್ಕದ ತಗಡಿಗಾಗಿ ಗುಜರಿಗೆ ಬಂದ ಇನ್ನೊಂದು 800ರಿಂದ ಎರಡೂ ಬದಿಯನ್ನು ಕತ್ತರಿಸಿ ತಂದು, ಅನುಭವವಿದ್ದ ಹಿರಿಯ ಟಿಂಕರ್ ಒಬ್ಬರಿಂದ ಬೆಸೆಸಿದೆವು. ಆದ ಖರ್ಚು ಆ ಕಾರಿಗೆ ಮಾರುಕಟ್ಟೆಯಲ್ಲಿ ಸಿಗುವ ಬೆಲೆಗಿಂತ ಹೆಚ್ಚು. ಅಪ್ಪನ ಕಾರು ಎಂಬ ಕಾರಣಕ್ಕೆ ಮಾಡಿಸಿದೆವು, ಇಲ್ಲದಿದ್ದರೆ ಅದೂ ಗುಜರಿಗೆ ಹೋಗುತ್ತಿತ್ತು.

ಹಳೆಯ 800ರ ಮೇಲೆ ಪ್ರೀತಿಯಿದ್ದರೆ ಖರ್ಚು ಮಾಡಲು ಬೇರೆ ಜಾಗಗಳಿವೆ. ಕಂಪನಿ ಕೊಟ್ಟ ಅಳತೆಯದೇ ಹೊಸ ಟೈರು, ಹೊಸ ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು, ಬ್ರೇಕಿನ ಪೂರ್ತಿ ಕೆಲಸ, ಒಳ್ಳೆಯ ಬಣ್ಣ: ಇಷ್ಟಾದರೆ ಆ ಪುಟ್ಟ ಕಾರು ಎಷ್ಟು ಲವಲವಿಕೆಯಿಂದ ಓಡುತ್ತದೆಂದು ಓಡಿಸಿದವರಿಗೇ ಗೊತ್ತು.

ಈಗಾಗಲೇ ಹೀಗೆ ಮಾಡಿಸಿದ ಕಾರು ನಿಮ್ಮ ಬಳಿ ಇದ್ದರೆ ಇಂದೇ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಕಮಾನಿನೊಳಗೆ ನೋಡಿ. ಸ್ಕ್ರೂ ಮೊನೆ, ರಿವೆಟ್ ಬಾಲ, ಟೈರಿನ ಭುಜದ ಮೇಲೆ ಗೀರು ಇವುಗಳಲ್ಲಿ ಯಾವುದು ಕಂಡರೂ ಕಾರನ್ನು ಹೊರಗೆ ತೆಗೆಯಬೇಡಿ. ಚಕ್ರವನ್ನು ಹೊರಗೆ ಸರಿಸುವ ಸ್ಪೇಸರ್ ತಟ್ಟೆ ಅಥವಾ ಅಡಾಪ್ಟರ್ ಇದ್ದರೆ, ಪ್ರತಿ ನಟ್ಟು ಕನಿಷ್ಠ ಬೋಲ್ಟಿನ ದಪ್ಪದಷ್ಟು ಉದ್ದಕ್ಕಾದರೂ ಹೊಕ್ಕಿದೆಯೇ ಎಂದು ಪರೀಕ್ಷಿಸಿ. ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರು ಜೇಬಿನಲ್ಲಿ ಒಂದು ಚಿಕ್ಕ ಆಯಸ್ಕಾಂತ ಇಟ್ಟುಕೊಂಡು ಹೋಗಿ ಹಿಂದಿನ ಚಕ್ರದ ಸುತ್ತ ಆಡಿಸಿ. ಅದು ಅಂಟದ ಕಡೆ ತಗಡಿಲ್ಲ, ಇಲ್ಲವೇ ತಗಡಿನ ಮೇಲೆ ದಪ್ಪ ಪುಟ್ಟಿಯಿದೆ. ಒಳಗೆ ಏನಿದೆಯೆಂದು ಬಿಚ್ಚಿ ತೋರಿಸಲು ಮಾರುವವನು ಒಪ್ಪದಿದ್ದರೆ ಮುಂಗಡ ಕೊಡದೆ ಹಿಂದಿರುಗಿ.